ಐಎಸ್‌ಐ ಗುರುತು ಫ್ಯಾಕ್ಟರಿಯದು, ಹೊಣೆ ಅಂಗಡಿಯದೂ ಹೌದು

ಮನೆ ಕಟ್ಟುವ ಸಾಮಾನಿನ ವ್ಯಾಪಾರದಲ್ಲಿ ಹುಬ್ಬಳ್ಳಿಯದು ದೊಡ್ಡ ಕೈ. ಗದಗ, ಹಾವೇರಿ, ನವಲಗುಂದ, ಶಿಗ್ಗಾವಿ ಕಡೆಯ ಅಂಗಡಿಗಳಿಗೆ ಕಂಬಿ, ಪೈಪು, ವೈರು, ಪ್ಲೈವುಡ್ ಇಲ್ಲಿಂದಲೂ ಹೋಗುತ್ತದೆ. ದಿಲ್ಲಿಯಲ್ಲಿ ಗುಣಮಟ್ಟದ ಹೊಸ ಆದೇಶ ಬಂತು ಅಂದರೆ ಇಲ್ಲಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೇಳಿಸುವ ಮಾತು ಸಾಮಾನ್ಯವಾಗಿ ಒಂದೇ: ‘ಅದು ಕಂಪನಿಯವರ ತಲಿನೋವು ಬಿಡ್ರಿ, ನಮಗೇನ್ ಸಂಬಂಧ?’

ಸಂಬಂಧ ಇದೆ. ಎಷ್ಟು ಅಂತ ತಿಳಿಯಲು ಕಾನೂನಿನ ಒಂದೇ ಒಂದು ವಾಕ್ಯ ನೋಡಿದರೆ ಸಾಕು. ಭಾರತೀಯ ಮಾನಕ ಬ್ಯೂರೋ ಕಾಯ್ದೆ, ಅಂದರೆ ಬಿಐಎಸ್ ಕಾಯ್ದೆ, 2016ರಲ್ಲಿ ಆಯಿತು. 2017ರ ಅಕ್ಟೋಬರ್ 12ರಿಂದ ಜಾರಿಗೆ ಬಂತು. ಐಎಸ್‌ಐ ಗುರುತು ಕಡ್ಡಾಯ ಮಾಡಿದ ವಸ್ತುವನ್ನು ಗುರುತಿಲ್ಲದೆ ಏನೇನು ಮಾಡಬಾರದು ಅಂತ ಅದರ 17ನೇ ಕಲಮು ಹೇಳುತ್ತದೆ. ತಯಾರಿಸಬಾರದು, ಆಮದು ಮಾಡಬಾರದು, ಹಂಚಬಾರದು, ಮಾರಬಾರದು, ಬಾಡಿಗೆಗೆ ಕೊಡಬಾರದು, ದಾಸ್ತಾನು ಇಡಬಾರದು, ಮಾರಾಟಕ್ಕೆ ಪ್ರದರ್ಶಿಸಲೂಬಾರದು. ಇದರಲ್ಲಿ ಫ್ಯಾಕ್ಟರಿಗೆ ಮಾತ್ರ ಸೇರಿದ್ದು ತಯಾರಿಸುವುದು ಒಂದೇ. ಮಿಕ್ಕಿದ್ದರಲ್ಲಿ ಹೆಚ್ಚಿನವು ಅಂಗಡಿಯ ದಿನನಿತ್ಯದ ಕೆಲಸ. ಹಾಗಾಗಿ ಮಾರಿಲ್ಲ, ಸುಮ್ನೆ ಗೋಡೌನಿನಲ್ಲಿ ಬಿದ್ದಿತ್ತು ಅನ್ನುವ ಸಮಜಾಯಿಷಿ ನಡೆಯುವುದಿಲ್ಲ.

ಕಾಯ್ದೆಯಲ್ಲಿ ಬರೆದ ಶಿಕ್ಷೆಯೂ ಸಣ್ಣದಲ್ಲ. ಮೊದಲ ಸಲ ಕನಿಷ್ಠ 2 ಲಕ್ಷ ರೂಪಾಯಿ ದಂಡ, ಮತ್ತೆ ಸಿಕ್ಕಿಬಿದ್ದರೆ ಕನಿಷ್ಠ 5 ಲಕ್ಷ. ಮಾಲಿನ ಬೆಲೆಯ ಹತ್ತು ಪಟ್ಟಿನವರೆಗೂ ಏರಿಸಬಹುದು. 2 ವರ್ಷದವರೆಗೆ ಜೈಲಿಗೂ ಅವಕಾಶ ಇದೆ. ಸಾಧಾರಣ ಹಾರ್ಡ್‌ವೇರ್ ಅಂಗಡಿಗೆ ಇದು ವರ್ಷದ ಲಾಭವನ್ನೇ ನುಂಗುವ ಮೊತ್ತ.

ಕಡ್ಡಾಯ ಅಂದರೆ ಯಾವುದು ಕಡ್ಡಾಯ?

ಇಲ್ಲಿ ಜನ ಎರಡು ಬೇರೆ ವಿಷಯಗಳನ್ನು ಕಲಸಿಬಿಡುತ್ತಾರೆ. ಬಿಐಎಸ್ ಸಾವಿರಾರು ವಸ್ತುಗಳಿಗೆ ಮಾನಕ, ಅಂದರೆ ಗುಣಮಟ್ಟ ಹೀಗಿರಬೇಕು ಅನ್ನುವ ಅಳತೆಗೋಲು, ಬರೆದಿಟ್ಟಿದೆ. ಪ್ರತಿ ಮಾನಕಕ್ಕೂ ಒಂದು ಐಎಸ್ ನಂಬರು. ಐಎಸ್ 1786 ಅಂದರೆ ಕಂಬಿ, ಐಎಸ್ 694 ಅಂದರೆ ಪಿವಿಸಿ ಹೊದಿಕೆಯ ವೈರು, ಐಎಸ್ 303 ಅಂದರೆ ಸಾಮಾನ್ಯ ಪ್ಲೈವುಡ್. ಮಾನಕ ಇದೆ ಅಂದ ಮಾತ್ರಕ್ಕೆ ಅದು ಕಡ್ಡಾಯ ಅಲ್ಲ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿದಾಗ ಮಾತ್ರ ಕಡ್ಡಾಯ ಆಗುತ್ತದೆ. ವ್ಯಾಪಾರಿಗಳು ಇದನ್ನು ಕ್ಯೂಸಿಒ ಅನ್ನುತ್ತಾರೆ. ಆದೇಶ ಹೊರಡಿಸುವುದು ಬಿಐಎಸ್ ಅಲ್ಲ, ಆಯಾ ವಸ್ತುವಿಗೆ ಸಂಬಂಧಪಟ್ಟ ಸಚಿವಾಲಯ. ಕಂಬಿಯದು ಉಕ್ಕು ಸಚಿವಾಲಯದಿಂದ ಬರುತ್ತದೆ. ಬೇರೆ ವಸ್ತುವಿನದು ಬೇರೆ ಕಡೆಯಿಂದ ಬರಬಹುದು. ಒಂದೇ ಕಡೆ ಕಣ್ಣಿಟ್ಟು ಕೂತರೆ ಇನ್ನೊಂದು ಕಡೆಯಿಂದ ಬಂದ ಆದೇಶ ತಪ್ಪಿಹೋಗುವುದು ಇದಕ್ಕೇ.

ಸಿಮೆಂಟು ಮತ್ತು ಮನೆ ವೈರಿಂಗ್ ಸಾಮಾನು 2003ರ ಆದೇಶಗಳಿಂದಲೇ ಈ ಬೇಲಿಯ ಒಳಗಿವೆ. ಪ್ಲೈವುಡ್ ಮತ್ತು ಫ್ಲಶ್ ಬಾಗಿಲಿನದು ಒಂದಿಷ್ಟು ಮುಂದೂಡಿಕೆಯ ನಂತರ 2025ರಲ್ಲಿ ಜಾರಿಗೆ ಬಂತು. ಎಲ್‌ಇಡಿ ಬಲ್ಬಿಗೆ ಐಎಸ್‌ಐ ಅಲ್ಲ, ಬೇರೆ ನೋಂದಣಿ ಪದ್ಧತಿ ಇದೆ. ಅದರ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಪಿವಿಸಿ ಪೈಪಿಗೆ ಇನ್ನೊಂದು ಎಳೆ ಸೇರಿಕೊಂಡಿದೆ. ತಯಾರಿಸುವಾಗ ಬಿಸಿಗೆ ಪಿವಿಸಿ ಕೆಡದಿರಲಿ ಅಂತ ಬಳಸುತ್ತಿದ್ದ ಸೀಸದ ಸಂಯುಕ್ತಗಳನ್ನು ಹಂತಹಂತವಾಗಿ ತೆಗೆಯಬೇಕು ಅಂತ ಪರಿಸರ ಸಚಿವಾಲಯ 2021ರಲ್ಲಿ ನಿಯಮ ತಂದಿದೆ. ಕುಡಿಯುವ ನೀರು ಹರಿಯುವ ಪೈಪಿನಲ್ಲಿ ಸೀಸ ಯಾಕೆ ಬೇಡ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಇಟ್ಟಿಗೆ, ಉಸುಕು, ಖಡಿ ಈ ಬೇಲಿಯ ಹೊರಗಿವೆ. ಅವಕ್ಕೂ ಮಾನಕ ಇದೆ. ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ಕೂಡ ಐಎಸ್ 383ರ ಒಳಗೆ ಬರುತ್ತದೆ. ಆದರೆ ಚೀಲದ ಮೇಲೆ ಗುರುತು ಹುಡುಕುವ ಹಾಗಿಲ್ಲ. ಅಲ್ಲಿ ನಂಬಬೇಕಾದ್ದು ಲ್ಯಾಬ್ ರಿಪೋರ್ಟನ್ನು ಮಾತ್ರ.

ನಿಯಮ ಬದಲಾಗುವ ದಾರಿಗಳು

ಹೊಸ ವಸ್ತು ಪಟ್ಟಿಗೆ ಸೇರುವುದು ಎಲ್ಲರಿಗೂ ಗೊತ್ತಾಗುತ್ತದೆ. ಕಂಪನಿಯ ಸೇಲ್ಸ್‌ನವನೇ ಬಂದು ಹೇಳುತ್ತಾನೆ, ಅವನಿಗೂ ಅದರಲ್ಲಿ ಲಾಭ ಇದೆ. ಗೊತ್ತಾಗದೆ ಜಾರಿಹೋಗುವುದು ಮಾನಕದ ಒಳಗಿನ ಬದಲಾವಣೆ. ಸಿಮೆಂಟನ್ನೇ ನೋಡಿ. ಮೊದಲು 43 ಗ್ರೇಡಿನ ಚೀಲದ ಮೇಲೆ ಐಎಸ್ 8112, 53 ಗ್ರೇಡಿನ ಮೇಲೆ ಐಎಸ್ 12269 ಅಂತ ಇರುತ್ತಿತ್ತು. 2015ರಲ್ಲಿ 33, 43, 53 ಮೂರನ್ನೂ ಐಎಸ್ 269ರ ಒಳಗೆ ತಂದರು. ಗ್ರೇಡು ಉಳಿಯಿತು, ನಂಬರು ಹೋಯಿತು. ಹಳೆ ಎಸ್ಟಿಮೇಟನ್ನು ನಕಲು ಹೊಡೆದು ತಯಾರಿಸಿದ ಕಾಗದದಲ್ಲಿ ಹಳೆ ನಂಬರೇ ಉಳಿದುಬಿಡುತ್ತದೆ. ಆಮೇಲೆ ಸೈಟ್ ಎಂಜಿನಿಯರ್ ‘ಈ ಚೀಲದ ಮೇಲೆ ನಂಬರ್ ಬ್ಯಾರೇ ಐತಿ’ ಅಂತ ಲಾರಿ ವಾಪಸ್ ಕಳಿಸುತ್ತಾನೆ. ತಪ್ಪು ಚೀಲದ್ದಲ್ಲ, ಕಾಗದದ್ದು. ಆದರೆ ಲಾರಿ ಬಾಡಿಗೆ ಹೋಗುವುದು ಅಂಗಡಿಯವನ ಕಿಸೆಯಿಂದ.

ಆದೇಶ ಮುಂದೆ ಹೋಗುವುದು, ಪೂರ್ತಿ ಹಿಂದೆ ಸರಿಯುವುದು ಕೂಡ ಉಂಟು. 2025ರ ನವೆಂಬರ್‌ನಲ್ಲಿ ಪಾಲಿಯೆಸ್ಟರ್ ಮತ್ತು ಕೆಲವು ಪ್ಲಾಸ್ಟಿಕ್ ಕಚ್ಚಾ ಮಾಲುಗಳ ಮೇಲಿದ್ದ ಆದೇಶಗಳನ್ನು ಕೇಂದ್ರ ವಾಪಸ್ ತೆಗೆದುಕೊಂಡಿತು. ಇದನ್ನು ಕೇಳಿ ‘ಎಲ್ಲಾ ಕ್ಯೂಸಿಒ ತೆಗದ್ರಂತ’ ಅಂತ ಸುದ್ದಿ ಹಬ್ಬಿದರೆ ನಂಬಬಾರದು. ಕಚ್ಚಾ ಮಾಲಿನ ಆದೇಶ ಹೋದರೆ ಕಂಬಿಯದು, ಸಿಮೆಂಟಿನದು ತಾನಾಗಿ ಹೋಗುವುದಿಲ್ಲ. ಪ್ರತಿ ವಸ್ತುವಿನ ಆದೇಶವೂ ಬೇರೆ.

ಸಣ್ಣವರಿಗೆ ಕೊಟ್ಟ ಸಮಯ ಯಾರದು?

ಜಾಸ್ತಿ ಗೊಂದಲ ಇರುವುದು ಇಲ್ಲಿ. ಬಹಳಷ್ಟು ಆದೇಶಗಳು ಜಾರಿಯ ದಿನದ ಮೇಲೆ ಸಣ್ಣ ಉದ್ದಿಮೆಗೆ 3 ತಿಂಗಳು, ಅತಿಸಣ್ಣ ಉದ್ದಿಮೆಗೆ 6 ತಿಂಗಳು ಹೆಚ್ಚಿನ ಸಮಯ ಕೊಡುತ್ತವೆ. ಇದನ್ನು ಓದಿದ ಅಂಗಡಿಯವರು ‘ನಾವೂ ಸಣ್ಣವರೇ, ನಮಗೂ 6 ತಿಂಗಳು’ ಅಂದುಕೊಳ್ಳುತ್ತಾರೆ. ಹಾಗಲ್ಲ. ಆ ಸಮಯ ಕೊಟ್ಟಿದ್ದು ತಯಾರಿಸುವವರಿಗೆ. ಅಂಗಡಿ ಎಷ್ಟೇ ಸಣ್ಣದಿರಲಿ, ದೊಡ್ಡ ಕಂಪನಿಯ ಮಾಲು ಇಟ್ಟರೆ ದೊಡ್ಡ ಕಂಪನಿಯ ತಾರೀಕೇ ಅನ್ವಯ.

ಉಲ್ಟಾ ಲೆಕ್ಕವೂ ಇದೆ. ಒಂದು ಹತ್ತು ಆಳಿನ ಪ್ಲೈವುಡ್ ಘಟಕದಿಂದ ಮಾಲು ತರಿಸುತ್ತೀರಿ ಅನ್ನಿ. ಅದು ನಿಜಕ್ಕೂ ಅತಿಸಣ್ಣ ಉದ್ದಿಮೆಯಾಗಿದ್ದರೆ ಆ ಹೆಚ್ಚಿನ ತಿಂಗಳುಗಳಲ್ಲಿ ಅದರ ಮಾಲು ಐಎಸ್‌ಐ ಇಲ್ಲದೆಯೂ ಬರಬಹುದು. ಆದರೆ ಅದು ಅತಿಸಣ್ಣ ಉದ್ದಿಮೆ ಅಂತ ತೋರಿಸುವುದು ಹೇಗೆ? ತಪಾಸಣೆಗೆ ಬಂದವರಿಗೆ ಬಾಯಿ ಮಾತು ಸಾಲದು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪತ್ರದ ಪ್ರತಿ, ಮಾಲು ಬಂದ ತಾರೀಕಿನ ಬಿಲ್ಲು, ಇವೆರಡೂ ಒಂದೇ ಫೈಲಿನಲ್ಲಿ ಇರಬೇಕು.

ಇನ್ನು ಹಳೆ ದಾಸ್ತಾನು. ಜಾರಿಯ ದಿನಕ್ಕೂ ಮುಂಚೆ ತಯಾರಾದ ಮಾಲನ್ನು ಇಂತಿಷ್ಟು ದಿನದೊಳಗೆ ಮಾರಲು ಕೆಲವು ಆದೇಶ ಬಿಡುತ್ತವೆ, ಕೆಲವು ಆ ಮಾತೇ ಎತ್ತುವುದಿಲ್ಲ. ಹೋದ ಸಲ ಬಿಟ್ಟರು ಅಂತ ಈ ಸಲವೂ ಬಿಡುತ್ತಾರೆ ಅಂತ ಕೂರಬಾರದು. ಆದೇಶ ಎರಡು ಮೂರು ಪುಟ ಇರುತ್ತದೆ ಅಷ್ಟೇ, ಓದಿಬಿಡಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಜಾರಿಯ ದಿನಕ್ಕೆ ಮೂರು ತಿಂಗಳು ಇರುವಾಗ ಗುರುತಿಲ್ಲದ ಮಾಲಿಗೆ ಹೊಸ ಆರ್ಡರ್ ಹಾಕುವುದನ್ನು ನಿಲ್ಲಿಸುವುದೇ ಜಾಣತನ. ಆ ಹೊತ್ತಿಗೆ ತಯಾರಕರು ರೇಟು ಇಳಿಸಿ ಮಾಲು ತಳ್ಳಲು ನೋಡುತ್ತಾರೆ. ಅಗ್ಗ ಅಂತ ಗೋಡೌನು ತುಂಬಿಸಿದವರೇ ಕೊನೆಗೆ ಕೈ ಸುಟ್ಟುಕೊಳ್ಳುವುದು.

ಗುರುತು ಓದುವುದು

‘ಐಎಸ್‌ಐ ಐತೇನ್ರಿ?’ ಅಂತ ಗಿರಾಕಿ ಕೇಳುತ್ತಾರೆ. ‘ಐತ್ರಿ, ಇಲ್ಲಿ ನೋಡ್ರಿ’ ಅಂತ ಅಂಗಡಿಯವರು ಡಬ್ಬಿ ತಿರುಗಿಸಿ ತೋರಿಸುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ನಿಜಕ್ಕೂ ನೋಡಬೇಕಾದ್ದು ಚಿಹ್ನೆಯ ತಲೆಯ ಮೇಲೆ ಮತ್ತು ಕಾಲ ಬುಡದಲ್ಲಿ ಏನಿದೆ ಅಂತ. ಮೇಲೆ ಮಾನಕದ ನಂಬರು ಇರುತ್ತದೆ, ಕೆಳಗೆ ‘ಸಿಎಂ/ಎಲ್’ ಅಂತ ಶುರುವಾಗುವ ಲೈಸೆನ್ಸ್ ನಂಬರು. ಇವೆರಡೂ ಇಲ್ಲದ ಬರೀ ಚಿತ್ರಕ್ಕೆ ಬೆಲೆ ಇಲ್ಲ.

ಆ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಅನ್ನುವ ಮೊಬೈಲ್ ಆಪ್‌ನಲ್ಲಿ ಹಾಕಿದರೆ ಅದು ಯಾರದು, ಯಾವ ವಸ್ತುವಿಗೆ ಕೊಟ್ಟದ್ದು, ಈಗ ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ಬರುತ್ತದೆ. ಲೈಸೆನ್ಸ್ ಒಮ್ಮೆ ಸಿಕ್ಕರೆ ಕಾಯಂ ಅಲ್ಲ. ಅವಧಿ ಮುಗಿಯುತ್ತದೆ, ನವೀಕರಿಸಬೇಕು. ನಡುವೆ ಸ್ಯಾಂಪಲ್ ಫೇಲಾದರೆ ತಡೆಯುತ್ತಾರೆ, ರದ್ದೂ ಮಾಡುತ್ತಾರೆ. ಹೋದ ದೀಪಾವಳಿಗೆ ನೋಡಿದ್ದು ಈ ಯುಗಾದಿಗೆ ಸಾಲುವುದಿಲ್ಲ. ಲೋಡು ಬಂದಾಗಲೆಲ್ಲ ನೋಡಬೇಕು, ಒಂದು ನಿಮಿಷದ ಕೆಲಸ. ಇನ್ನೊಂದು ಮೋಸ ಇದೆ: ನಂಬರು ಅಸಲಿ, ಆದರೆ ಅದು ಬೇರೆ ವಸ್ತುವಿನ ಲೈಸೆನ್ಸು. ಅದೇ ಕಂಪನಿಯ ಸ್ವಿಚ್ಚಿನ ನಂಬರನ್ನು ವೈರಿನ ಡಬ್ಬಿಗೆ ಹಚ್ಚಿದರೆ ಆಪ್‌ನಲ್ಲಿ ಕಂಪನಿ ಹೆಸರು ಸರಿಯಾಗೇ ಕಾಣುತ್ತದೆ. ಹಾಗಾಗಿ ವಸ್ತುವಿನ ಹೆಸರು ಮತ್ತು ಐಎಸ್ ನಂಬರನ್ನೂ ಓದಿ.

ಕಂಬಿಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಮನೆಯ ಬಜೆಟ್ಟಿನಲ್ಲಿ ಅದರದು ದೊಡ್ಡ ಪಾಲು, ಮೋಸಕ್ಕೂ ದೊಡ್ಡ ದಾರಿ. ಬಂಡಲ್ ಬಂದಾಗ ತಂತಿಯಲ್ಲಿ ಕಟ್ಟಿದ ಸಣ್ಣ ತಗಡಿನ ಅಥವಾ ಪ್ಲಾಸ್ಟಿಕ್ ಚೀಟಿ ಇರುತ್ತದೆ. ಅದರ ಮೇಲೆ ಗ್ರೇಡು, ಸೈಜು, ಜೊತೆಗೆ ಹೀಟ್ ನಂಬರು. ಒಂದು ಕುಲುಮೆಯಲ್ಲಿ ಒಂದು ಸಲಕ್ಕೆ ಕರಗಿಸಿದ ಉಕ್ಕಿಗೆ ಒಂದು ಹೀಟ್ ನಂಬರು. ಕಂಪನಿ ಕಳಿಸುವ ಟೆಸ್ಟ್ ಸರ್ಟಿಫಿಕೇಟಿನಲ್ಲೂ ಅದೇ ನಂಬರು ಇರಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅಂಗಡಿಗಳು ಕಡಿಮೆ. ಸರ್ಟಿಫಿಕೇಟ್ ಬಂತಾ, ಬಂತು, ಫೈಲಿಗೆ ಹಾಕು ಅಂತ ಕೆಲಸ ಮುಗಿಸುತ್ತಾರೆ. ನಂಬರು ಹೊಂದದ ಸರ್ಟಿಫಿಕೇಟು ಬೇರೆ ಯಾವುದೋ ಕಂಬಿಯದು.

ಎಫ್‌ಇ 500 ಮತ್ತು ಎಫ್‌ಇ 500ಡಿ ಅನ್ನುವುದು ಕಂಬಿಯ ಎರಡು ಗ್ರೇಡು. ಎರಡರ ಬಲವೂ ಒಂದೇ ಗೆರೆಯಿಂದ ಶುರು, ಚದರ ಮಿಲಿಮೀಟರಿಗೆ ಕನಿಷ್ಠ 500 ನ್ಯೂಟನ್. ವ್ಯತ್ಯಾಸ ಇರುವುದು ಹಿಗ್ಗುವುದರಲ್ಲಿ. ತುಂಡಾಗುವ ಮುನ್ನ 500 ಕನಿಷ್ಠ ಶೇ 12ರಷ್ಟು ಹಿಗ್ಗಬೇಕು, 500ಡಿ ಕನಿಷ್ಠ ಶೇ 16ರಷ್ಟು. ಪ್ಲಾನಿನಲ್ಲಿ ಎಂಜಿನಿಯರ್ ‘ಡಿ’ ಬರೆದಿದ್ದರೆ ‘ಎರಡೂ ಒಂದೇ ತಗೋರಿ’ ಅಂತ ಬೇರೆಯದು ಕೊಡುವಂತಿಲ್ಲ.

ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಬೇಕಿರುವುದು ಟೇಪು ಮತ್ತು ತಕ್ಕಡಿ. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಹಿಡಿದು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಎಂಎಂ ಕಂಬಿಗೆ 144ನ್ನು 162ರಿಂದ ಭಾಗಿಸಿದರೆ ಸುಮಾರು 0.89 ಕಿಲೋ. 12 ಮೀಟರಿನ ಪೂರ್ತಿ ಕಂಬಿ ಹತ್ತಿರ ಹತ್ತಿರ 10.66 ಕಿಲೋ ತೂಗಬೇಕು. ಈ ಸೈಜಿನ ಬ್ಯಾಚಿಗೆ ಐಎಸ್ 1786 ಶೇ 5ರಷ್ಟು ಹೆಚ್ಚುಕಡಿಮೆ ಒಪ್ಪುತ್ತದೆ. ಅಂದರೆ ಹತ್ತಾರು ಕಂಬಿ ಒಟ್ಟಿಗೆ ತೂಗಿ ಸರಾಸರಿ ತೆಗೆದಾಗ ಕಂಬಿಗೆ 10.1 ಕಿಲೋಗಿಂತ ಕೆಳಗೆ ಇಳಿಯಬಾರದು. ಇಳಿದರೆ ಅದು 12 ಎಂಎಂ ಹೆಸರಿನಲ್ಲಿ ಬಂದ ತೆಳು ಕಂಬಿ. ಲೆಕ್ಕಕ್ಕೆ ಮುಂಚೆ ಉದ್ದವನ್ನು ಟೇಪು ಹಿಡಿದೇ ಅಳೆಯಿರಿ, 12 ಮೀಟರ್ ಅಂತ ಹೇಳಿದ್ದೆಲ್ಲ 12 ಇರುವುದಿಲ್ಲ. ಕಿಲೋ ಲೆಕ್ಕದಲ್ಲಿ ಕೊಂಡವರಿಗೆ ತೆಳು ಕಂಬಿಯಿಂದ ದುಡ್ಡಿನ ನಷ್ಟ ಕಾಣುವುದಿಲ್ಲ. ಆದರೆ ಕಾಲಮ್ಮಿನಲ್ಲಿ ಗೌಂಡಿ ಹಾಕುವುದು ಎಣಿಕೆಯ ಲೆಕ್ಕದಲ್ಲಿ. ಎಂಟು ಕಂಬಿ ಅಂದರೆ ಎಂಟು. ಅಲ್ಲಿ ಉಕ್ಕು ಕಡಿಮೆ ಬೀಳುತ್ತದೆ.

ಸಿಮೆಂಟಿನದು ಬೇರೆ ಕಥೆ. ಫ್ಯಾಕ್ಟರಿಯಿಂದ ಸರಿಯಾಗೇ ಬಂದದ್ದು ಅಂಗಡಿಯಲ್ಲಿ ಕೆಡುತ್ತದೆ. ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದರೆ ಮತ್ತೆ ಪರೀಕ್ಷೆ ಮಾಡದೆ ಬಳಸಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆಗೆ ತಂಪು ಹಿಡಿದ ಗೋಡೆಗೆ ಒರಗಿಸಿಟ್ಟ ಚೀಲ ಅಷ್ಟು ದಿನವೂ ತಾಳುವುದಿಲ್ಲ. ನೆಲದಿಂದ ಗೇಣುದ್ದ ಎತ್ತರದ ಹಲಗೆ, ಗೋಡೆಯಿಂದ ಒಂದೂವರೆ ಅಡಿ ದೂರ, ಹತ್ತು ಚೀಲಕ್ಕಿಂತ ಎತ್ತರ ಬೇಡ. ಮೊದಲು ಬಂದದ್ದು ಮೊದಲು ಹೋಗಬೇಕು. ಹಮಾಲರು ಹೊಸ ಲೋಡನ್ನು ಮುಂದೆ ಪೇರಿಸಿದರೆ ಹಳೆಯದು ಹಿಂದೆ ಕೂತುಬಿಡುತ್ತದೆ. ಇದು ನಿಯಮದ ಸಮಸ್ಯೆ ಅಲ್ಲ, ಗೋಡೌನಿನ ಬಾಗಿಲು ಒಂದೇ ಇರುವ ಸಮಸ್ಯೆ. ಹಾಗಾಗಿ ಎರಡು ಸಾಲು ಮಾಡಿ, ಒಂದು ಖಾಲಿಯಾಗುವವರೆಗೆ ಇನ್ನೊಂದನ್ನು ಮುಟ್ಟದಿರುವುದು ಸುಲಭದ ದಾರಿ.

ಬಿಲ್ಲು ಎಂಬ ಗುರಾಣಿ

ಬಿಐಎಸ್ ಕಾಯ್ದೆ ಒಂದು ಕಡೆ ಇರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಮು ಅಂಗಡಿಯವರಿಗೆ ಇನ್ನೂ ಹತ್ತಿರದ್ದು. ಕೆಟ್ಟ ಮಾಲಿನಿಂದ ಯಾರಿಗಾದರೂ ಪೆಟ್ಟಾದರೆ ಮಾರಿದವರು ಯಾವಾಗ ಹೊಣೆ ಅಂತ ಅದು ಹೇಳುತ್ತದೆ. ತಯಾರಕರು ಯಾರು ಅಂತ ಗೊತ್ತಾಗದಿದ್ದರೆ ಮಾರಿದವರೇ ಹೊಣೆ. ಮಾಲನ್ನು ತಾವೇ ಬದಲಾಯಿಸಿದ್ದು ಪೆಟ್ಟಿಗೆ ಮುಖ್ಯ ಕಾರಣವಾದರೆ ಹೊಣೆ. ತಯಾರಕರು ಕೊಡದ ಗ್ಯಾರಂಟಿಯನ್ನು ತಾವೇ ಕೊಟ್ಟು, ಮಾಲು ಅದಕ್ಕೆ ಸರಿಹೊಂದದೆ ಹೋದರೂ ಹೊಣೆ. ‘ನಾ ಅದೀನಿ, ಕಣ್ಣು ಮುಚ್ಚಿ ತಗೋರಿ’ ಅಂತ ಗಲ್ಲಾದ ಮೇಲೆ ಕೂತು ಹೇಳುವ ಮಾತು ನಮ್ಮ ಕಡೆ ಬರೀ ಸಲುಗೆ. ಅದೇ ಮಾತು ಬಿಲ್ಲಿನ ಮೇಲೆ ‘50 ವರ್ಷ ಗ್ಯಾರಂಟಿ’ ಅಂತ ಸೀಲಾಗಿ ಬಿದ್ದರೆ ಸಲುಗೆ ಅಲ್ಲ.

ತಯಾರಕರು ಯಾರು ಅಂತ ತೋರಿಸುವ ಸುಲಭದ ಸಾಕ್ಷಿ ಬಿಲ್ಲು. ಆದರೆ ಉದ್ರಿ ವ್ಯಾಪಾರದಲ್ಲಿ ಬಿಲ್ಲು ಎಷ್ಟೋ ಸಲ ‘12 ಎಂಎಂ ಕಂಬಿ, 2 ಟನ್’ ಅಂತ ಮೂರು ಪದದಲ್ಲಿ ಮುಗಿಯುತ್ತದೆ. ಬ್ರಾಂಡಿಲ್ಲ, ಗ್ರೇಡಿಲ್ಲ, ಹೀಟ್ ನಂಬರಿಲ್ಲ. ಇದೇ ಕಂಬಿ ಗದಗಿನ ಅಂಗಡಿಗೆ ಟೆಂಪೋದಲ್ಲಿ ಹೋಗಿ, ಅಲ್ಲಿ ಬಂಡಲ್ ಬಿಚ್ಚಿ, ಅರ್ಧ ಲಕ್ಷ್ಮೇಶ್ವರಕ್ಕೆ ಅರ್ಧ ರೋಣಕ್ಕೆ ಹೋದರೆ ಚೀಟಿ ಹೋಗುವುದು ಒಬ್ಬರ ಜೊತೆ ಮಾತ್ರ. ಇನ್ನೊಬ್ಬರ ಕಂಬಿಗೆ ಹೆಸರೂ ಇಲ್ಲ, ಊರೂ ಇಲ್ಲ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಬಂಡಲ್ ಬಿಚ್ಚುವ ಮುಂಚೆ ಚೀಟಿಯ ಫೋಟೋ ತೆಗೆದು ಬಿಲ್ಲಿನ ಜೊತೆ ವಾಟ್ಸ್‌ಆಪ್‌ನಲ್ಲಿ ಕಳಿಸಿದರೆ ಸಾಕು.

ಇದು ಇನ್ನೊಂದು ಕಾರಣಕ್ಕೂ ಬೇಕು. ಲೈಸೆನ್ಸ್ ಇದ್ದವರ ಮಾಲೇ ಮಾನಕಕ್ಕೆ ತಕ್ಕಂತೆ ಇಲ್ಲ ಅಂತ ಕಂಡರೆ ಮಾರಾಟ ನಿಲ್ಲಿಸಿ, ಮಾರಿದ್ದನ್ನು ವಾಪಸ್ ಕರೆಸಿ ಅಂತ ಹೇಳುವ ಅಧಿಕಾರ ಬಿಐಎಸ್‌ಗೆ ಇದೆ. ಆಗ ಯಾವ ಬ್ಯಾಚು ಯಾರ ಮನೆಗೆ ಹೋಯಿತು ಅಂತ ಗೊತ್ತಿಲ್ಲದ ಅಂಗಡಿಯವರು ಎಲ್ಲರಿಗೂ ಫೋನ್ ಮಾಡಬೇಕು, ಇಲ್ಲವೇ ಯಾರಿಗೂ ಮಾಡಬಾರದು. ಎರಡೂ ಕೆಟ್ಟ ಆಯ್ಕೆ. ಅಪಾರ್ಟ್‌ಮೆಂಟ್ ಕಟ್ಟುವ ಬಿಲ್ಡರಿಗೆ ಮಾಲು ಕೊಡುವವರಂತೂ ದಾಖಲೆ ಕನಿಷ್ಠ 5 ವರ್ಷಕ್ಕೂ ಮೇಲೆ ಇಟ್ಟುಕೊಳ್ಳಬೇಕು. ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ ಪ್ರಕಾರ ಮನೆ ಕೈಗಿತ್ತ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಅವರು ಆಗ ತಿರುಗಿ ನೋಡುವುದು ಮಾಲು ಕೊಟ್ಟವರ ಕಡೆಗೇ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಕಟ್ಟಡ ಬೀಳಲು ಸಾಮಾನ್ಯವಾಗಿ ಒಂದೇ ಕಾರಣ ಇರುವುದಿಲ್ಲ. ವಿನ್ಯಾಸ, ಕೆಲಸಗಾರಿಕೆ, ಸಾಮಗ್ರಿ, ಆತುರ ಎಲ್ಲ ಸೇರಿರಬಹುದು. ಆದರೆ ಅಂಥ ದಿನದ ನಂತರ ಪ್ರತಿ ಸಾಮಗ್ರಿಗೂ ‘ಎಲ್ಲಿಂದ ಬಂತು, ಪರೀಕ್ಷೆ ಆಗಿತ್ತಾ’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲೂ ಹಾಗೇ ಆಯಿತು. 2017ರ ಜೂನ್ 14ರ ಬೆಂಕಿಗೆ 72 ಜನ ಬಲಿಯಾದರು. ಗೋಡೆಯ ಹೊರಗೆ ಹಚ್ಚಿದ್ದ ಹೊದಿಕೆ ಉರಿಯುವಂಥದ್ದಾಗಿತ್ತು. ಆ ಸಾಮಗ್ರಿ ತಯಾರಿಸಿ ಮಾರಿದವರು ಪರೀಕ್ಷೆ ಮತ್ತು ಪ್ರಚಾರದ ವಿಷಯದಲ್ಲಿ ಯೋಜಿತವಾಗಿ ಅಪ್ರಾಮಾಣಿಕರಾಗಿದ್ದರು ಅಂತ 2024ರ ಸೆಪ್ಟೆಂಬರ್‌ನಲ್ಲಿ ಬಂದ ಅಂತಿಮ ತನಿಖಾ ವರದಿ ಹೇಳಿತು. ಸರ್ಟಿಫಿಕೇಟು ಇತ್ತು, ಆದರೆ ಅದು ಹೇಳಿದ್ದು ಪೂರ್ತಿ ಸತ್ಯ ಅಲ್ಲ. ಬ್ರಿಟನ್ ಈಗ ಕಟ್ಟಡ ಸಾಮಗ್ರಿಯ ನಿಯಮಗಳನ್ನು ಬದಲಿಸಲು ಹೊರಟಿದ್ದರ ಹಿಂದೆ ಈ ಪಾಠ ಇದೆ. ಕಾಗದ ಇದೆ ಅನ್ನುವುದಕ್ಕೂ ಆ ಕಾಗದ ಈ ಮಾಲಿನದೇ ಅನ್ನುವುದಕ್ಕೂ ನಡುವಿನ ಅಂತರ ಅಲ್ಲೂ ಇದೆ, ನಮ್ಮ ಗೋಡೌನಿನಲ್ಲೂ ಇದೆ.

ಈಗ ಕೆಲಸದ ಮಾತು. ಕಂಪನಿಗೋ ಹೋಲ್‌ಸೇಲ್ ಡೀಲರಿಗೋ ಆರ್ಡರ್ ಕಳಿಸುವಾಗ ಒಂದು ಸಾಲು ಸೇರಿಸಿ: ‘ಮಾಲು ತಲುಪುವ ದಿನ ಜಾರಿಯಲ್ಲಿರುವ ಮಾನಕಕ್ಕೆ ತಕ್ಕಂತೆ, ಚಾಲ್ತಿ ಲೈಸೆನ್ಸ್ ಇರುವ ಗುರುತಿನೊಂದಿಗೆ ಬರಬೇಕು. ಇಲ್ಲದಿದ್ದರೆ ನಿಮ್ಮ ಖರ್ಚಿನಲ್ಲಿ ವಾಪಸ್.’ ಆರ್ಡರ್ ಕೊಟ್ಟ ದಿನ ಅಂತ ಬರೆಯಬೇಡಿ, ತಲುಪುವ ದಿನ ಅಂತ ಬರೆಯಿರಿ. ನಿಯಮ ಬದಲಾಗುವುದು ನಡುವಿನ ವಾರಗಳಲ್ಲೇ. ಮೊದಮೊದಲು ಡೀಲರ್ ಮುಖ ಗಂಟಿಕ್ಕಬಹುದು. ಸರಿಯಾದ ಮಾಲು ಕೊಡುವವರಿಗೆ ಸಹಿ ಹಾಕಲು ತೊಂದರೆ ಇರುವುದಿಲ್ಲ.

ಕಡ್ಡಾಯ ವಸ್ತುಗಳ ಪಟ್ಟಿ ಬಿಐಎಸ್ ಜಾಲತಾಣದಲ್ಲೇ ಇದೆ, ಆದೇಶಗಳ ಪ್ರತಿಯೂ ಸಿಗುತ್ತದೆ. ಅಂಗಡಿಯಲ್ಲಿ ಕಂಪ್ಯೂಟರ್ ಬಿಲ್ ಹಾಕುವ ಹುಡುಗನಿಗೋ ಹುಡುಗಿಗೋ ತಿಂಗಳಿಗೊಮ್ಮೆ ಇದನ್ನು ತೆಗೆದು ನೋಡುವ ಕೆಲಸ ಹಚ್ಚಿ. ಅಂಗಡಿಯಲ್ಲಿರುವ ಮಾಲಿಗೆ ಸಂಬಂಧಿಸಿದ್ದು ಏನಾದರೂ ಬದಲಾಗಿದ್ದರೆ ಪ್ರಿಂಟ್ ತೆಗೆದು ಗೋಡೌನಿನ ಬಾಗಿಲಿಗೆ ಅಂಟಿಸಲಿ, ಜಾರಿಯ ತಾರೀಕನ್ನು ಕೆಂಪು ಪೆನ್ನಿನಲ್ಲಿ ಬರೆಯಲಿ. ಮಾಲು ಇಳಿಸಿಕೊಳ್ಳುವವರಿಗೂ ಅದನ್ನು ಓದಿ ಹೇಳಬೇಕು. ಗುರುತಿಲ್ಲದ ಲೋಡು ಬಂದಾಗ ಲಾರಿಯ ಹಿಂದಿನ ಬಾಗಿಲು ತೆಗೆಯುವ ಮುಂಚೆಯೇ ಬೇಡ ಅನ್ನಬೇಕಾದವರು ಅವರೇ.